ವರದಿ ಕಿಟಕಿಯ ಅಕ್ಕ ಮತ್ತು ಭಾನುವಾರದ ಬ್ರೆಡ್ಡು

ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ನನಗೆ ಮೊದಲು ಕಂಡದ್ದು ಅವರ ಕೈ. ಆಸ್ಪತ್ರೆಯ ನೆಲಮಹಡಿಯಲ್ಲಿ, ರಕ್ತಪರೀಕ್ಷೆಯ ಲ್ಯಾಬಿನ ಪಕ್ಕ, ಗಾಜು ಹಾಕಿದ ಒಂದು ಕಿಟಕಿ ಇತ್ತು. ಗಾಜಿನ ಕೆಳಗೆ ಲಕೋಟೆ ತೂರುವಷ್ಟು ಸಂದಿ. ಆ ಸಂದಿಯಿಂದ ಒಂದು ಕೈ ಹೊರಗೆ ಬಂದು ಅಂಗೈ ಚಾಚಿತು. ಉಗುರುಗಳ ಬುಡದಲ್ಲಿ ಹಿಟ್ಟು ಒಣಗಿ ಬೆಳ್ಳಗೆ ಕೂತಿತ್ತು.

"ಟೋಕನ್."

"ಟೋಕನ್ ಇಲ್ಲ ಮೇಡಂ. ನಾನು..."

"ಟೋಕನ್ ಇಲ್ದೆ ರಿಪೋರ್ಟ್ ಕೊಡಲ್ಲ. ಅಲ್ಲಿ ಮೆಷಿನ್ ಇದೆ ನೋಡು, ಒತ್ತಿ ತಗೊಂಡು ಬಾಮ್ಮ."

"ರಿಪೋರ್ಟಿಗಲ್ಲ ಮೇಡಂ, ಕೆಲಸಕ್ಕೆ ಸೇರೋಕೆ ಬಂದಿದ್ದೀನಿ."

ಕೈ ಒಳಗೆ ಹೋಯಿತು. ಗಾಜಿನಾಚೆ ಒಂದು ಮುಖ ಮೇಲೆದ್ದಿತು. ನಲವತ್ತೈದು ದಾಟಿದ, ದಪ್ಪ ಕನ್ನಡಕದ, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡ ಹೆಂಗಸು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು: "ಯಾಕೆ? ಬೇರೆಲ್ಲೂ ಸಿಗಲಿಲ್ವಾ?"

ನನಗೆ ಕೋಪ ಬಂತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ನೇಮಕಾತಿ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಸ್ಸಿನಲ್ಲಿ ಮಡಚಿ ಹೋಗದಂತೆ ರಟ್ಟಿನ ತುಂಡು ಇಟ್ಟು ಕಳಿಸಿದ್ದರು. ಅದನ್ನು ಗಾಜಿಗೆ ಒತ್ತಿ ತೋರಿಸಿದೆ. ಅವರು ಓದಿ, "ದಾಖಲೆ ವಿಭಾಗ. ನನ್ನ ಬೆನ್ನ ಹಿಂದೇನೇ. ಬಾ ಒಳಗೆ," ಎಂದರು.

ಅವರ ಕಿಟಕಿಗೂ ನನ್ನ ಮೇಜಿಗೂ ನಡುವೆ ಎದೆಯೆತ್ತರದ ಹಲಗೆಯ ಗೋಡೆ ಮಾತ್ರ. ಮಧ್ಯಾಹ್ನ ಊಟದ ಹೊತ್ತಿಗೆ ಅದರ ಮೇಲಿಂದ ಕಾಗದದಲ್ಲಿ ಸುತ್ತಿದ ಕಂದುಬಣ್ಣದ ಕೇಕಿನ ತುಂಡು ಬಂತು.

"ತಿನ್ನು. ಹಾಲಿಲ್ಲ, ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ, ಸಕ್ಕರೆನೂ ಇಲ್ಲ."

"ಮತ್ತೆ ಏನಿದೆ ಮೇಡಂ ಇದ್ರಲ್ಲಿ?"

"ಹಠ ಇದೆ. ಮೇಡಂ ಗೀಡಂ ಬೇಡ, ಅಕ್ಕ ಅನ್ನು."

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕಿಟಕಿ ಅಕ್ಕ ಎಂದೇ ಕರೆಯುತ್ತಿದ್ದರು. ಹನ್ನೆರಡು ವರ್ಷದಿಂದ ಅದೇ ಕಿಟಕಿ. ಟೋಕನ್ ನೋಡಿ, ಲಕೋಟೆ ಹುಡುಕಿ, ಸಹಿ ಹಾಕಿಸಿ ಕೊಡುವುದಷ್ಟೇ ಕೆಲಸ. ಆದರೆ ಜನ ಲಕೋಟೆಯನ್ನು ಅಲ್ಲೇ ಹರಿಯುತ್ತಾರೆ. ಓದಲು ಬಾರದವರು, ಬಂದರೂ ಅರ್ಥವಾಗದವರು, ಹಾಳೆಯನ್ನು ಮತ್ತೆ ಸಂದಿಯೊಳಗೆ ತೂರಿಸಿ "ಏನು ಬಂದಿದೆ ಹೇಳಿ" ಎನ್ನುತ್ತಾರೆ. ಹೇಳುವಂತಿಲ್ಲ, ಡಾಕ್ಟರಿಗೆ ತೋರಿಸಿ ಎನ್ನಬೇಕು ಎಂಬುದು ನಿಯಮ. ಹನ್ನೆರಡು ವರ್ಷದಲ್ಲಿ ಆ ಹಾಳೆಗಳ ಭಾಷೆಯೆಲ್ಲ ಅಕ್ಕನಿಗೆ ಬಾಯಿಪಾಠವಾಗಿತ್ತು. ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೂರುವುದೇ ಅವರ ನಿಜವಾದ ಉದ್ಯೋಗ. ಇದರ ಮೇಲೆ, ಕಿಟಕಿಯ ಒಳಬದಿಗೆ, ಅವರ ಕಣ್ಣಿಗೆ ನೇರವಾಗಿ ಒಂದು ಚೀಟಿ ಅಂಟಿಸಿದ್ದರು: "ನಗುಮುಖದಿಂದ ಸೇವೆ ನೀಡಿ."

ಬೇಕಿಂಗ್ ಶುರುವಾದದ್ದೂ ಅದೇ ಕಿಟಕಿಯಿಂದ. ಒಂದು ದಿನ ಲಕೋಟೆಗಳ ಕಟ್ಟಿನಲ್ಲಿ ಅವರ ಹೆಸರಿನದೇ ಬಂತಂತೆ. ಕೊಬ್ಬಿನಂಶ ಹೆಚ್ಚು. ಡಾಕ್ಟರು ರಕ್ತದೊತ್ತಡವನ್ನೂ ನೋಡಿ, ಬೆಣ್ಣೆ ತುಪ್ಪ ಮೊಟ್ಟೆ ಬಿಡಿ, ಮನಸ್ಸಿಗೆ ಹಗುರಾಗುವಂಥದ್ದು ಏನಾದರೂ ಹಚ್ಚಿಕೊಳ್ಳಿ ಎಂದರು. ಅಕ್ಕ ಎರಡನ್ನೂ ಒಂದೇ ಸಲಕ್ಕೆ ಮುಗಿಸಿದರು. ಪುಟ್ಟ ಓವನ್ ತಂದರು.

ಒಂದು ಭಾನುವಾರ ನನ್ನನ್ನು ಮನೆಗೆ ಕರೆದರು. ಎರಡು ಕೋಣೆ, ಒಂದು ಅಡುಗೆಮನೆ. ಓವನ್ ಇಡಲು ಜಾಗವಿಲ್ಲದೆ ಅದನ್ನು ಹೊಲಿಗೆ ಮೆಷಿನ್ನಿನ ಮೇಜಿನ ಮೇಲೆ ಇಟ್ಟಿದ್ದರು. ನಮ್ಮೂರಲ್ಲಿ ಓವನ್ ಕಂಡವರು ಯಾರೂ ಇರಲಿಲ್ಲ. ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. ಒಂದು ಚಮಚ ಅಗಸೆಬೀಜದ ಪುಡಿಗೆ ಮೂರು ಚಮಚ ನೀರು ಹಾಕಿ ಬದಿಗಿಟ್ಟರು. ಹತ್ತು ನಿಮಿಷಕ್ಕೆ ಅದು ಲೋಳೆಯಾಗಿ ಚಮಚಕ್ಕೆ ಅಂಟಿಕೊಂಡಿತು. ಮೊಟ್ಟೆಯ ಕೆಲಸ ಅದರದ್ದು. ಸೋಯಾ ಹಾಲಿಗೆ ನಿಂಬೆರಸ ಹಿಂಡಿ ಒಡೆಸಿದರು. ಸಕ್ಕರೆಯ ಬದಲು ನೆನೆಸಿ ಅರೆದ ಖರ್ಜೂರ, ಸಿಪ್ಪೆ ಕಪ್ಪಾದ ಬಾಳೆಹಣ್ಣು. ಅದು ಕೇಕಿಗೆ. ಬ್ರೆಡ್ಡಿನ ಗೋಧಿಹಿಟ್ಟು ಬೇರೆ. ಅದಕ್ಕೆ ಯೀಸ್ಟಿನ ನೀರು ಹಾಕಿ, ಬಳೆ ತೆಗೆದಿಟ್ಟು, ಮೈಭಾರವೆಲ್ಲ ಅಂಗೈಗೆ ಬಿಟ್ಟು ನಾದತೊಡಗಿದರು. ಮುಂದಕ್ಕೆ ದೂಡಿ, ಮಡಚಿ, ತಿರುಗಿಸಿ, ಮತ್ತೆ ದೂಡಿ. ಹದಿನೈದು ನಿಮಿಷ ಅದೇ. ಕಚೇರಿಯಲ್ಲಿ ಸದಾ ಬಿಗಿದಿರುತ್ತಿದ್ದ ಅವರ ದವಡೆ ಸಡಿಲವಾದದ್ದನ್ನು ನಾನು ಆಗ ನೋಡಿದೆ.

"ಇದೊಂದು ನನ್ನನ್ನ ಏನೂ ಕೇಳಲ್ಲ ಕಣಮ್ಮ," ಎಂದರು ಕೊನೆಗೆ, ಹಿಟ್ಟಿನ ಮೇಲೆ ಒದ್ದೆಬಟ್ಟೆ ಹೊದಿಸುತ್ತ.

ಅವರ ಗಂಡ ಕಾರು ಓಡಿಸುವುದನ್ನು ಕಲಿಸುವವರು. ಬಾಗಿಲಿಗೆ ಒರಗಿ ನಿಂತು ನನಗೆ ಹೇಳಿದರು: "ನಾನು ದಿನವಿಡೀ ಪಕ್ಕದ ಸೀಟಲ್ಲಿ ಕೂತು ಇನ್ನೊಬ್ರ ತಪ್ಪಿಗೆ ಬ್ರೇಕ್ ಒತ್ತೋನು. ನನಗಿಲ್ಲದ ಟೆನ್ಷನ್ ಇವಳಿಗೆ. ಅಲ್ಲೂ ಗಾಜಿನ ಹಿಂದೆ ಇವಳು, ಇಲ್ಲೂ ಓವನ್ನಿನ ಗಾಜಿನ ಮುಂದೆ ಇವಳೇ."

"ಹೋಗಿ ಸ್ನಾನ ಮಾಡಿ ನೀವು," ಎಂದರು ಅಕ್ಕ.

ಒಳಕೋಣೆಯಿಂದ ಅತ್ತೆಯ ದನಿ ಬಂತು: "ಬಂದ ಹುಡುಗಿಗೆ ಮೊದಲೇ ಹೇಳಿಬಿಡು. ಕಳೆದ ವಾರದ್ದು ಕಚ್ಚಿ ನನ್ನ ಹಲ್ಲಿನ ಸೆಟ್ಟೇ ಅದ್ರಲ್ಲಿ ಉಳ್ಕೊಂಡಿತ್ತು."

ಅಕ್ಕ ನಕ್ಕರು. ಕಿಟಕಿಯಲ್ಲಿ ನಾನು ಕಾಣುತ್ತಿದ್ದ ನಗು ಅದಾಗಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಒಬ್ಬ ಮುದುಕ ಕಿಟಕಿಗೆ ಬಂದ. ಹೆಂಡತಿಯ ವರದಿ. ಓದು ಬಾರದು. ಅಕ್ಕ ಲಕೋಟೆಯನ್ನು ಸಂದಿಯಿಂದ ತಳ್ಳಿ, ಚೀಟಿ ಹೇಳಿದಂತೆ ನಕ್ಕು, ಡಾಕ್ಟರಿಗೆ ತೋರಿಸಿ ಎಂದರು. ಅವನ ಮುಖ ಅರಳಿತು. "ಒಳ್ಳೇದಾಗ್ಲಿ ತಾಯಿ," ಎಂದು ಕೈಮುಗಿದು ಹೋದ. ಮಾರನೆಯ ದಿನ, ಡಾಕ್ಟರನ್ನು ಕಂಡ ಮೇಲೆ, ಮತ್ತೆ ಬಂದ. ಟೋಕನ್ ತೆಗೆದುಕೊಂಡು, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಗಾಜಿಗೆ ಮುಖ ತಂದು ಒಂದೇ ಮಾತು ಹೇಳಿದ: "ನಗ್ತಾ ಕೊಟ್ರಲ್ಲ ತಾಯಿ. ಮನೇಲೆಲ್ಲರಿಗೂ ಏನಿಲ್ಲವಂತೆ ಅಂದ್ಬಿಟ್ಟಿದ್ದೆ."

ಬೈಯಲಿಲ್ಲ. ಟೋಕನ್ನನ್ನು ಸಂದಿಯಲ್ಲಿಟ್ಟು ಹೊರಟುಹೋದ. ಅಕ್ಕ ಆ ದಿನ ಊಟ ಮಾಡಲಿಲ್ಲ. ಸಂಜೆ ಹಲಗೆಯ ಮೇಲಿಂದ ಬಗ್ಗಿ, "ನಿನ್ನ ಬರವಣಿಗೆ ಚೆನ್ನಾಗಿದೆ. ನನಗೊಂದು ಅರ್ಜಿ ಬರ್ಕೊಡು. ಈ ಕಿಟಕಿಯಿಂದ ನನ್ನನ್ನ ಎಬ್ಬಿಸ್ಬೇಕು," ಎಂದರು.

ಔಷಧಿ ಉಗ್ರಾಣದ ಗುಮಾಸ್ತರು ಮೂರು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಆ ಜಾಗ ಕೇಳಿ ಅರ್ಜಿ ಬರೆದೆ. ಅಕ್ಕನ ರಕ್ತದೊತ್ತಡದ ಬಗ್ಗೆ ಡಾಕ್ಟರು ಬರೆದ ಚೀಟಿಯನ್ನೂ ಲಗತ್ತಿಸಿದೆ. ಅದು ಅಕ್ಕನ ಮೂರನೆಯ ಅರ್ಜಿ. ಹಿಂದಿನ ಎರಡಕ್ಕೆ ಉತ್ತರವೇ ಬಂದಿರಲಿಲ್ಲ. ಉಗ್ರಾಣ ಸಿಕ್ಕದಿದ್ದರೆ ನಿವೃತ್ತಿಯವರೆಗೆ, ಎಂದರೆ ಇನ್ನು ಹದಿಮೂರು ವರ್ಷ, ಅದೇ ಕುರ್ಚಿ. ಇಷ್ಟು ಇಬ್ಬರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಆಸ್ಪತ್ರೆಯ ಸಿಬ್ಬಂದಿ ಪತ್ರಿಕೆಗೆ "ಆರೋಗ್ಯಕರ ಬದುಕು" ಎಂಬ ವಿಷಯದ ಮೇಲೆ ಲೇಖನ ಕೇಳಿದರು. ಅಕ್ಕನ ಬಗ್ಗೆ ಬರೆಯಬೇಕೆನಿಸಿತು. ಆಡಳಿತಾಧಿಕಾರಿ ಆ ಪತ್ರಿಕೆಯನ್ನು ತಪ್ಪದೆ ಓದುತ್ತಿದ್ದರು. ಇಂಥ ಒಳ್ಳೆಯ ಕೆಲಸಗಾರ್ತಿ ಒಬ್ಬರಿದ್ದಾರೆಂದು ಅವರ ಕಣ್ಣಿಗೆ ಬಿದ್ದರೆ ಅರ್ಜಿ ಬೇಗ ಕದಲುತ್ತದೆ ಎಂಬ ಲೆಕ್ಕ ನನ್ನದು. ಶಾಲೆಯಲ್ಲಿ ನನಗೆ ತಿಳಿದಿದ್ದ ದಾರಿ ಅದೊಂದೇ. ಮೇಷ್ಟ್ರು ಮೆಚ್ಚಿದವರಿಗೆ ಕೇಳಿದ್ದು ಸಿಗುತ್ತಿತ್ತು.

"ನನ್ನ ಬಗ್ಗೆ ಏನಿದೆ ಬರೆಯೋಕೆ?" ಎಂದರು ಅಕ್ಕ. "ಬರಿ. ಬ್ರೆಡ್ಡಿನ ಅಳತೆ ಮಾತ್ರ ಸರಿಯಾಗಿ ಹಾಕು. ಆಮೇಲೆ ಕಲ್ಲು ಮಾಡ್ಕೊಂಡು ನನ್ನನ್ನ ಬೈತಾರೆ."

ಮೂರು ಸಲ ತಿದ್ದಿ ಬರೆದೆ. ಅಳತೆ ಸರಿಯಾಗಿ ಹಾಕಿದೆ. ಕೊನೆಯಲ್ಲಿ ಇಷ್ಟು ಸೇರಿಸಿದೆ: "ಹನ್ನೆರಡು ವರ್ಷ ಆ ಕಿಟಕಿಯಲ್ಲಿ ಕುಳಿತರೂ ಇವರ ಮುಖದ ನಗು ಮಾಸಿಲ್ಲ. ಭಾನುವಾರ ನಾದಿದ ಒಂದು ಮುದ್ದೆ ಹಿಟ್ಟು ವಾರದ ಒತ್ತಡವನ್ನೆಲ್ಲ ತೊಳೆದುಬಿಡುತ್ತದೆ. ಸೋಮವಾರ ಇವರು ಹೊಸಬರಂತೆ ಕೆಲಸಕ್ಕೆ ಬರುತ್ತಾರೆ." ಬಹಳ ಚೆನ್ನಾಗಿದೆ ಎಂದು ನನಗೇ ಅನಿಸಿತ್ತು. ಅಚ್ಚಾದ ಪ್ರತಿಯೊಂದನ್ನು ಊರಿಗೂ ಕಳಿಸಿದೆ.

ಅರ್ಜಿಗೆ ಉತ್ತರ ಬಂದದ್ದು ದಾಖಲೆ ವಿಭಾಗದ ಮೂಲಕ, ಎಂದರೆ ನನ್ನ ಮೇಜಿಗೆ. ಕಡತದಲ್ಲಿ ಡಾಕ್ಟರ ಚೀಟಿಯ ಮೇಲೆ ನನ್ನ ಲೇಖನ ಕತ್ತರಿಸಿ ಪಿನ್ನು ಹೊಡೆದಿದ್ದರು. ಆದೇಶದ ಸಾಲು ಹೀಗಿತ್ತು: "ಲಗತ್ತಿಸಿದ ಲೇಖನದಂತೆ ಅರ್ಜಿದಾರರು ಕೆಲಸದ ಒತ್ತಡವನ್ನು ಸ್ವಪ್ರಯತ್ನದಿಂದ ಯಶಸ್ವಿಯಾಗಿ ನಿಭಾಯಿಸುತ್ತಿದ್ದು, ಸ್ಥಾನ ಬದಲಾವಣೆಯ ಅಗತ್ಯ ಕಂಡುಬರುವುದಿಲ್ಲ." ಅದರ ಕೆಳಗೆ ಇನ್ನೊಂದು ಸಾಲು. ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಇತರ ಸಿಬ್ಬಂದಿಗೂ ಈ ವಿಧಾನವನ್ನು ಕಲಿಸತಕ್ಕದ್ದು.

ನಾನು ಆಡಳಿತಾಧಿಕಾರಿಯ ಕೋಣೆಗೆ ಹೋದೆ.

"ಸಾರ್, ಆ ಲೇಖನ ನಾನು ಬರೆದದ್ದು. ಅಕ್ಕನಿಗೆ ನಿಜವಾಗ್ಲೂ ಅಲ್ಲಿ ಕೂರೋಕೆ ಆಗ್ತಿಲ್ಲ."

ಅವರು ಒಳ್ಳೆಯ ಮೂಡಿನಲ್ಲಿದ್ದರು. ಕುರ್ಚಿ ತೋರಿಸಿದರು. "ಒಳ್ಳೇ ಲೇಖನಮ್ಮ. ಮನೇಲಿ ನನ್ನ ಹೆಂಡತಿನೂ ಓದಿದಳು. ಈಗೇನು, ಅದರಲ್ಲಿ ಬರೆದಿರೋದು ಸುಳ್ಳಾ?"

"ಸುಳ್ಳಲ್ಲ ಸಾರ್, ಆದ್ರೆ..."

"ಸುಳ್ಳಾದ್ರೆ ಹೇಳಿ. ಸಂಸ್ಥೆಯ ಪತ್ರಿಕೇಲಿ ಸುಳ್ಳು ಬರೆದ್ರೆ ಅದು ಬೇರೆ ವಿಷಯ ಆಗುತ್ತೆ. ನಿಮ್ಮದು ಇನ್ನೂ ಪ್ರೊಬೇಷನ್ ಅಲ್ವಾ?"

ಗೋಡೆಯ ಗಡಿಯಾರ ನೋಡಿದೆ. ಅಪ್ಪನ ರಟ್ಟಿನ ತುಂಡು ನೆನಪಾಯಿತು. "ಸುಳ್ಳಲ್ಲ ಸಾರ್," ಎಂದು ಎದ್ದು ಬಂದೆ.

ಇದನ್ನು ಅಕ್ಕನಿಗೆ ಹೇಳದೆ ಇರಬಹುದಿತ್ತು. ಹೇಳಿದೆ. ಅವರು ಲಕೋಟೆಗಳನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಎರಡು ಸಲ ಕೇಳಿದ್ರಾ ಅವರು, ಸುಳ್ಳಾ ಅಂತ?"

"ಹೂಂ ಅಕ್ಕ."

"ಎರಡು ಸಲನೂ ಅಲ್ಲ ಅಂದ್ಯಾ?"

"ಅಂದೆ ಅಕ್ಕ."

"ಬರವಣಿಗೆ ಚೆನ್ನಾಗಿದೆ ಅಂತ ನಾನೇ ಹೇಳಿದ್ದೆ. ಇಷ್ಟು ಚೆನ್ನಾಗಿರಬಾರದಿತ್ತು." ಜೋಡಿಸಿದ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುತ್ತ ಸೇರಿಸಿದರು: "ಅಳತೆ ಸರಿಯಾಗಿತ್ತು ಬಿಡು."

ಮೊದಲ ತರಗತಿಯ ಶನಿವಾರ ಸಿಬ್ಬಂದಿಯ ಊಟದ ಕೋಣೆಯಲ್ಲಿ ನಲವತ್ತು ಕುರ್ಚಿ ಹಾಕಿದರು. ಹೊಸ ಓವನ್ ಬಂದಿತ್ತು, ಅಕ್ಕನದಕ್ಕಿಂತ ದೊಡ್ಡದು. ಆಡಳಿತಾಧಿಕಾರಿ ಎರಡು ಮಾತನಾಡಿ, ಒತ್ತಡ ಎಲ್ಲರಿಗೂ ಇದೆ, ಗೆಲ್ಲುವವರು ಕೆಲವರು ಎಂದರು. ಚಪ್ಪಾಳೆ ಬಿತ್ತು. ಅಕ್ಕ ಬಳೆ ತೆಗೆದಿಟ್ಟರು. ನಾದತೊಡಗಿದರು.

"ಅಕ್ಕ, ಎಷ್ಟು ಹೊತ್ತು ನಾದ್ಬೇಕು?" ಎಂದು ಮುಂದಿನ ಸಾಲಿನ ನರ್ಸು ಕೇಳಿದಳು.

"ಬಿಸಿನೀರೋ ತಣ್ಣೀರೋ?"

"ಅಗಸೆ ಬದಲು ಬೇರೆ ಏನಾದ್ರೂ ಆಗುತ್ತಾ?"

"ಇಷ್ಟು ಬಲವಾಗಿ ಯಾರನ್ನ ನೆನೆಸ್ಕೊಂಡು ಗುದ್ದುತ್ತಿದ್ದೀರಿ ಅಕ್ಕ? ಮನೆಯವರನ್ನಾ?" ಎಂದು ಎಕ್ಸ್‌ರೇ ವಿಭಾಗದವನು ಕೂಗಿದ. ಕೋಣೆಯೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕರು.

ಅಕ್ಕ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟರು. ನಗುತ್ತಲೇ ಕೊಟ್ಟರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅವರ ದವಡೆ ಕಾಣುತ್ತಿತ್ತು. ಬಿಗಿದಿತ್ತು. ಬ್ರೆಡ್ಡು ಚೆನ್ನಾಗಿಯೇ ಉಬ್ಬಿತು. ಎಲ್ಲರೂ ತಿಂದರು. ನನಗೂ ಒಂದು ತುಂಡು ಬಂತು. ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಕ್ಷಮೆ ಕೇಳಬೇಕಿತ್ತು. ಹೊಲಿಗೆ ಮೆಷಿನ್ನಿನ ಮೇಜು ಖಾಲಿ ಇತ್ತು. ಓವನ್ನನ್ನು ನಾದಿನಿಯ ಮನೆಗೆ ಕೊಟ್ಟುಬಿಟ್ಟಿದ್ದರು. ಗಂಡ ಅಂಗಡಿಯಿಂದ ತಂದ ಬಿಳಿ ಬ್ರೆಡ್ಡಿನ ಪೊಟ್ಟಣ ಮೇಜಿನ ಮೇಲಿತ್ತು. ಗಂಡ ಈ ಸಲ ತಮಾಷೆ ಮಾಡಲಿಲ್ಲ. ಅತ್ತೆ ಮಾತ್ರ ಒಳಗಿನಿಂದ, "ಅವಳ ಇಟ್ಟಿಗೇನೇ ವಾಸಿ ಇತ್ತು," ಎಂದರು.

"ಯಾಕಕ್ಕ ಕೊಟ್ಟಿರಿ?"

"ಹಿಟ್ಟಿಗೆ ಕೈ ಹಾಕಿದ್ರೆ ಆ ನಲವತ್ತು ಜನ ಕಣ್ಮುಂದೆ ಕೂತಿರ್ತಾರೆ," ಎಂದರು. "ಟೀ ಕುಡೀತೀಯಾ?"

ಕ್ಷಮೆ ಕೇಳುವ ಸಂದರ್ಭವನ್ನೇ ಅವರು ಕೊಡಲಿಲ್ಲ. ಟೀ ಕುಡಿದು ಬಂದೆ. ಉಗ್ರಾಣಕ್ಕೆ ಹೊರಗಿನಿಂದ ಹೊಸಬರೊಬ್ಬರು ಬಂದರು. ನನ್ನ ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಯಿತು.

ಇದೆಲ್ಲ ಆಗಿ ನಾಲ್ಕು ವರ್ಷ. ಅಕ್ಕ ಈಗ ರಕ್ತದೊತ್ತಡಕ್ಕೆ ದಿನಕ್ಕೆ ಎರಡು ಮಾತ್ರೆ ತೆಗೆದುಕೊಳ್ಳುತ್ತಾರೆ. ವಾರಕ್ಕೆ ಆರು ದಿನ ವರದಿ ಕಿಟಕಿಯಲ್ಲಿ ಕೂರುತ್ತಾರೆ. ಎರಡನೆಯ ಶನಿವಾರ ಮಧ್ಯಾಹ್ನ, ಹಾಲು ಬೆಣ್ಣೆ ಮೊಟ್ಟೆ ಇಲ್ಲದ ಬ್ರೆಡ್ಡು ಮಾಡಿ ಒತ್ತಡ ಕಳೆದುಕೊಳ್ಳುವುದು ಹೇಗೆಂದು ಸಿಬ್ಬಂದಿಗೆ ಕಲಿಸುತ್ತಾರೆ.