ಜಗಲಿಯಲ್ಲಿ ಗೆದ್ದ ಮಾತು

ಮಾತಾಡಲು ಬರುತ್ತದೆ ಎಂಬ ಜಂಬ ನನಗೆ ಚಿಕ್ಕಂದಿನಿಂದ ಇತ್ತು. ಕೆಟ್ಟ ಜಂಬ. ಯುದ್ಧದ ಕಾಲದ ಆ ಒಂದು ವರ್ಷ ನೆನಪಾದಾಗಲೆಲ್ಲ ಈ ನಾಲಿಗೆಗೆ ಬರೆ ಹಾಕಬೇಕೆನಿಸುತ್ತದೆ.

ನಾನಾಗ ತೆಕ್ಕಟ್ಟೆಯಲ್ಲಿ ಶಾಲೆ ಮಾಸ್ತರ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಹೆಂಡತಿ ಬಸುರಿಯಾಗಿದ್ದಳು. ನನಗಿದ್ದ ಹುಚ್ಚು ಒಂದೇ, ತಾಳಮದ್ದಳೆ. ವೇಷ ಕಟ್ಟದೆ, ಕುಣಿಯದೆ, ಚಾಪೆಯ ಮೇಲೆ ಎದುರುಬದುರು ಕೂತು, ಪಾತ್ರಗಳಾಗಿ ವಾದಿಸುತ್ತ ಅರ್ಥ ಹೇಳುವುದು. ಸೀಮೆಎಣ್ಣೆ ಸಿಗದೆ ರಾತ್ರಿಯ ಕೂಟಗಳು ನಿಂತೇ ಹೋಗಿದ್ದವು. ಹಾಗಾಗಿ ಭಾನುವಾರ ಮಧ್ಯಾಹ್ನ ಉಂಡು ನಮ್ಮ ಮನೆಯ ಜಗಲಿಯಲ್ಲೇ ಕೂರುತ್ತಿದ್ದೆವು. ಪದ ಹಾಡುವ ಭಾಗವತ ಬೈಂದೂರಿನವನು, ನನ್ನ ಶಾಲೆಯಲ್ಲೇ ಮಾಸ್ತರ. ನನಗೆ ಎದುರು ಕೂರುವವನು ಬಸ್ರೂರಿನ ಗೆಳೆಯ, ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಪ್ರಸಂಗದಲ್ಲಿ ಎಷ್ಟು ಹರಿಹಾಯ್ದರೂ ಮಂಗಳ ಹಾಡಿದ ಮೇಲೆ ಚಾಪೆಯ ಜಗಳವನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಅದು ಕೂಟದ ಕಟ್ಟಳೆ. ನಾವಿಬ್ಬರೂ ಒಂದೇ ಹರಿವಾಣದಿಂದ ಎಲೆಯಡಿಕೆ ಹಾಕಿಕೊಂಡೇ ಏಳುತ್ತಿದ್ದೆವು.

ಆ ಚಳಿಗಾಲದಲ್ಲಿ ಒಂದು ಸಂಜೆ ಬಸ್ರೂರಿನ ಹೊಳೆದಂಡೆಯಲ್ಲಿ ಅವನು ಯಾರಿಗೂ ಹೇಳದ್ದನ್ನು ನನಗೆ ಹೇಳಿದ. ಹಿಂದಿನ ಮಳೆಗಾಲದಲ್ಲಿ ಅವನ ತಮ್ಮ ವಾಂತಿಭೇದಿಯಲ್ಲಿ ತೀರಿಕೊಂಡಿದ್ದ. ತಾಯಿ ಆ ದಿನ ಬ್ರಹ್ಮಾವರದ ನೆಂಟರಲ್ಲಿಗೆ ಹೋಗಿದ್ದರು. ಕೋಣೆಯೊಳಗಿಂದ ತಮ್ಮ ನೀರು ಕೇಳುತ್ತಲೇ ಇದ್ದನಂತೆ. ಇವನು ಹೆದರಿ ಬಾಗಿಲು ತೆರೆಯಲಿಲ್ಲ. ತಾಯಿ ಬಂದಾಗ, ನನ್ನ ಕೈಯಿಂದ ನೀರು ಕುಡಿದೇ ಹೋದ ಎಂದುಬಿಟ್ಟಿದ್ದ. ಆ ಒಂದು ಸಮಾಧಾನದ ಮೇಲೆ ತಾಯಿ ಜೀವ ಹಿಡಿದಿದ್ದರು.

ಹೆಂಡತಿಗೆ ಏಳು ತಿಂಗಳಾದಾಗ ಆ ತಾಯಿ ಬಸುರಿಗೆಂದು ತಿಂಡಿ ಕಟ್ಟಿಕೊಂಡು ಮಗನ ಜೊತೆ ನಮ್ಮಲ್ಲಿಗೆ ಬಂದರು. ಅವತ್ತೂ ಭಾನುವಾರ. ಜಗಲಿ ತುಂಬ ಜನ. ಹೆಂಗಸರು ಬಾಗಿಲ ಒಳಗೆ ಕೂತಿದ್ದರು. ಪ್ರಸಂಗದಲ್ಲಿ ನಾನು ಅಣ್ಣನನ್ನು ತೊರೆದು ಶತ್ರುಗಳ ಕಡೆ ಸೇರುವ ತಮ್ಮ, ಅವನು ಅಣ್ಣ. ಅವನಿಗೆ ಅಂದು ಮಾತು ತಾನಾಗಿ ಒದಗಿ ಬರುತ್ತಿತ್ತು. ಒಡಹುಟ್ಟಿದವನನ್ನೇ ಕೈಬಿಟ್ಟವನಿಗೆ ಧರ್ಮದ ಮಾತೇಕೆ ಎಂದು ಕೇಳಿ ನನ್ನನ್ನು ಕಟ್ಟಿಹಾಕಿದ. ಜನ ನಕ್ಕರು. ನನಗೆ ಮೈ ಉರಿಯಿತು.

"ನೀರಿಗಾಗಿ ಬಾಯಿಬಿಡುವ ತಮ್ಮನ ದನಿ ಕೇಳಿಯೂ ಅಗುಳಿ ತೆಗೆಯದ ಅಣ್ಣ ನೀನು. ಒಡಹುಟ್ಟಿನ ಮಾತು ನಿನಗೇಕೆ?" ಎಂದುಬಿಟ್ಟೆ.

ಜನರ ಪಾಲಿಗೆ ಅದು ಕಲ್ಪನೆ. ಭಲೇ ಎಂದರು. ಅವನು ನನ್ನ ಮುಖ ನೋಡಿದ, ಏನೋ ಹೇಳಹೋದ, ಆಗಲಿಲ್ಲ. ಅರ್ಥ ಹೇಳುವವನ ಮಾತು ನಿಂತರೆ ಸೋತಂತೆ. ಭಾಗವತ ಗಡಿಬಿಡಿಯಲ್ಲಿ ಮುಂದಿನ ಪದ ಎತ್ತಿಕೊಂಡ. ಮಂಗಳವಾದದ್ದೇ ಅವನು ಎಲೆಯಡಿಕೆ ಮುಟ್ಟದೆ ತಾಯಿಯನ್ನು ಕರೆದುಕೊಂಡು ಹೊರಟ.

"ಗೆದ್ದವ್ರ್ ಮೋರೆ ಹೀಂಗಿರತ್ತಾ?" ಎಂದಳು ಹೆಂಡತಿ. ನಾನು ರೇಗಿದೆ.

ಮಾರನೆಯ ದಿನವೇ ಹೋಗಿ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ಜಗಳವನ್ನು ಮನೆಗೆ ಒಯ್ದವನು ಅವನು, ಕಟ್ಟಳೆ ಮುರಿದದ್ದು ಅವನೇ ಎಂದು ನನಗೆ ನಾನೇ ವಾದ ಹೂಡಿಕೊಂಡು ಎರಡು ಭಾನುವಾರ ಕಳೆದೆ. ಅಷ್ಟರಲ್ಲಿ ಅವನು ಬೊಂಬಾಯಿಯ ಯಾವುದೋ ಹೋಟೆಲಿಗೆ ಸೇರಿಯಾಗಿತ್ತು. ಮೂರು ಕಾಗದ ಬರೆದೆ, ಕ್ಷಮಿಸು ಎಂದು. ಉತ್ತರವಿಲ್ಲ. "ಮಾತಂಗ್ ಸೋತದ್ದಕ್ಕೆ ಊರೇ ಬಿಟ್ಟ ಅಂಬ್ರ್" ಎಂದು ಜನ ನಗಾಡುತ್ತಿದ್ದರು. ಹಾಗಲ್ಲ ಎಂದು ಹೇಳಬೇಕಾದರೆ ಅವನ ಗುಟ್ಟು ಬಿಡಬೇಕು. ಎದುರು ಕೂತು ನಾನೂ ಕೇಳಿಸಿಕೊಂಡೆ.

ಭಾಗವತ ಮಾತ್ರ ನಗಲಿಲ್ಲ. "ಅದ್ ಪ್ರಸಂಗದ್ ಮಾತಲ್ಲ ಮಾಷ್ಟ್ರೇ. ಅವನ್ ಮೋರೆ ನಾನ್ ಕಂಡಿದೆ. ಇನ್ನ್ ನಿಮ್ಮ್ ಅರ್ಥಕ್ಕೆ ನಾನ್ ಪದ ಹೇಳ್ತಿಲ್ಲೆ" ಎಂದ. ರಜೆ ಮುಗಿಯುವುದರೊಳಗೆ ಬೈಂದೂರಿಗೆ ವರ್ಗ ಮಾಡಿಸಿಕೊಂಡ. ಕುಂದಾಪುರದಲ್ಲಿ ಹೊಳೆ ದಾಟಿದವನು ಮತ್ತೆ ಈ ಕಡೆ ಬರಲಿಲ್ಲ. ಚಾಪೆ ಅಟ್ಟ ಸೇರಿತು. ಶ್ರಾವಣದಲ್ಲಿ ಮಗಳು ಹುಟ್ಟಿದಳು. ನಾಲ್ಕು ವರ್ಷ ಹರಕೆ ಹೊತ್ತು ಪಡೆದ ಕೂಸು, ಎತ್ತಿಕೊಂಡರೆ ನನಗೆ ಅಳು ಬರುತ್ತಿತ್ತು. ಸಂತೋಷದ ಅಳು ಎಂದು ಎಲ್ಲರೂ ತಿಳಿದರು.

ದೀಪಾವಳಿ ಕಳೆದು ಬೊಂಬಾಯಿಯಿಂದ ಸುದ್ದಿ ಬಂತು. ವಿಷಮಜ್ವರ, ಒಂಬತ್ತೇ ದಿನಕ್ಕೆ ಅವನು ತೀರಿಕೊಂಡಿದ್ದ.

ಬಸ್ರೂರಿಗೆ ಹೋದೆ. ತಾಯಿ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಹುರುಳಿಯ ಕಲ್ಲು ಹೆಕ್ಕುತ್ತಿದ್ದರು. ಅಳಲಿಲ್ಲ. ಕೂರು ಎಂದು ಕೈ ತೋರಿಸಿದರು.

"ಅವತ್ತ್ ನಾನ್ ಬಾಗ್ಲ್ ಹಿಂದೇ ಕೂಕಂಡಿದ್ದೆ ಮಗಾ. ನೀ ಹೇಳಿದ್ದ್ ಕೇಂಡೆ. ಅದ್ ಬರೀ ಮಾತಲ್ದಾ?"

"ಬರೀ ಮಾತ್ ಅಮ್ಮ. ಆ ಹೊತ್ತಿಗ್ ಬಾಯಿಗ್ ಬಂತ್."

ಒಂದೆರಡು ಕಲ್ಲು ಆಯ್ದು ಅಂಗಳಕ್ಕೆ ಎಸೆದರು.

"ಬರೀ ಮಾತಾರೆ, ನನ್ನ್ ಮಾಣಿ ಎಂತಕ್ ಊರ್ ಬಿಟ್ಟ?"

ಕೋಟದಿಂದ ಹಟ್ಟಿಯಂಗಡಿಯವರೆಗೆ ಮಾತಿನ ಮಲ್ಲ ಎನಿಸಿಕೊಂಡವನು ನಾನು. ಸೋಲು ತಾಳದೆ ಹೋದ ಎಂದರೆ ಸತ್ತವನನ್ನು ಹೆತ್ತವಳ ಮುಂದೆ ಸಣ್ಣವನಾಗಿಸಬೇಕು. ನಿಜ ಹೇಳಿದರೆ ಅವರ ಇಬ್ಬರು ಮಕ್ಕಳನ್ನೂ ಇನ್ನೊಮ್ಮೆ ಸಾಯಿಸಬೇಕು. ಅಮ್ಮ ಹೆಕ್ಕುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತ ಬಹಳ ಹೊತ್ತು ಕಾದರು. ನಾನು ಬಾಯಿ ತೆರೆಯಲಿಲ್ಲ. ನಿಜ ತಿಳಿಯಲು ಅವರಿಗೆ ಅಷ್ಟು ಸಾಕಾಯಿತು. ಗೆರಸೆ ಎತ್ತಿಕೊಂಡು ಒಳಗೆ ಹೋದರು.