ನೀರು ಹಸಿರಾಗುವವರೆಗೆ

ಹಡಗಿನ ಪ್ರಯಾಣದ ಕೊನೆಯ ದಿನ ಬೆಳಿಗ್ಗೆ ಸಕ್ಕರೆ ಪರೀಕ್ಷೆಗೆಂದು ಮಾಮಾ ಅವರ ಬೆರಳಿಗೆ ಸೂಜಿ ಚುಚ್ಚಿದಾಗ ಅವರು ಎಂದಿನಂತೆ ಗೊಣಗಲಿಲ್ಲ. "ಪರದೆ ತೆಗೆ" ಎಂದರು.

ಇಪ್ಪತ್ತಮೂರು ದಿನಗಳಲ್ಲಿ ಅವರು ಆ ಮಾತು ಹೇಳಿದ್ದು ಅದೇ ಮೊದಲು.

ಮಾಮಾ ಎಂದರೆ ನಾನು ನೋಡಿಕೊಳ್ಳುತ್ತಿದ್ದ ಕುವೈತಿ ಹೆಂಗಸು. ವಯಸ್ಸು ಎಪ್ಪತ್ತೈದರ ಮೇಲೆ. ಅಲ್ಲಿ ಡ್ರೈವರಿನಿಂದ ಹಿಡಿದು ಅಡುಗೆಯವಳವರೆಗೆ ಎಲ್ಲರೂ ಮನೆಯ ಹಿರಿಯಳನ್ನು ಹಾಗೆಯೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆದೆ. ಅದಕ್ಕೆ ಮೊದಲು ನಾನು ಕುವೈತಿನ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ಗಂಡ, ಮಗಳ ಜೊತೆ ರಿಗ್ಗೈಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ವಾಸ. ಮಾಮಾ ಅವರ ಮನೆಯವರು ನರ್ಸ್ ಬೇಕೆಂದು ಕರೆದಾಗ ನಾವು ಆರು ಮಂದಿ ಹೋಗಿದ್ದೆವು. ಮಾಮಾ ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ, ಇಂಡಿಯಾದಲ್ಲಿ ಯಾವ ಊರು ಅಂತ. ನಾನು ಮಂಗಳೂರು ಎಂದೆ. ಅವರು "ಖಲಾಸ್, ಇವಳೇ ಸಾಕು" ಎಂದುಬಿಟ್ಟರು. ನರ ಹುಡುಕಿ ಸೂಜಿ ಹಾಕುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಯಾರೋ ಹೇಳಿರಬೇಕು ಎಂದುಕೊಂಡು ನಾನು ಎರಡು ವರ್ಷ ಹೆಮ್ಮೆಪಟ್ಟಿದ್ದೆ.

ಆ ಚಳಿಗಾಲ ಅವರು ಸಮುದ್ರ ಪ್ರವಾಸಕ್ಕೆ ಹಟ ಹಿಡಿದರು. ಗ್ರೀಸಿನ ಒಂದು ಬಂದರಿನಿಂದ ಹೊರಟು, ಸುಯೆಜ್ ಕಾಲುವೆ, ಕೆಂಪು ಸಮುದ್ರ, ಒಮಾನಿನ ಬಂದರುಗಳನ್ನು ದಾಟಿ ಕುವೈತಿನಲ್ಲಿ ಕೊನೆಯಾಗುವ ಹಡಗು. ಹೆಚ್ಚಿನ ಹಡಗುಗಳು ದುಬೈಯಲ್ಲಿಯೇ ನಿಲ್ಲುತ್ತಿದ್ದವು. ಅವರ ಮಗಳು, ನಿವೃತ್ತ ಶಾಲಾ ಶಿಕ್ಷಕಿ, ದುಬೈಯದ್ದೇ ಅನುಕೂಲ ಎಂದು ಎಷ್ಟು ಹೇಳಿದರೂ ಮಾಮಾ ಒಪ್ಪಲಿಲ್ಲ. ಕೊನೆಗೆ ನಾವು ಮೂವರೂ ಹೊರಟೆವು.

ಹೊರಟ ಮೇಲೆ ನನಗೆ ಶುರುವಾದದ್ದು ಒಂದೇ ಕುತೂಹಲ. ಇಷ್ಟು ಹಟ ಮಾಡಿ ಹಡಗು ಹತ್ತಿದವರು ಸಮುದ್ರವನ್ನು ನೋಡುತ್ತಲೇ ಇರಲಿಲ್ಲ. ಸಮುದ್ರದ ಕಡೆಗೆ ದೊಡ್ಡ ಗಾಜಿನ ಬಾಗಿಲಿದ್ದ ಕೋಣೆ ನಮ್ಮದು. ಅವರು ಪರದೆ ಎಳೆಸಿ ಒಳಗೆ ಜಪಮಣಿ ತಿರುಗಿಸುತ್ತಾ ಕೂರುತ್ತಿದ್ದರು. ಕಣ್ಣು ಮಂದವಾಗಿದ್ದದ್ದು ನಿಜ, ಸಕ್ಕರೆ ಕಾಯಿಲೆ ಕಣ್ಣಿನ ಒಳಗನ್ನು ತಿಂದಿತ್ತು. ಆಕಾರ ಕಾಣುತ್ತಿತ್ತು, ಬಣ್ಣ ಮಾತ್ರ ಎಲ್ಲವೂ ಬೂದಿ. ಆದರೂ ಗಾಳಿಗಾದರೂ ಹೊರಗೆ ಬರಬಹುದಿತ್ತಲ್ಲ. ಮಗಳನ್ನು ಕೇಳಿದರೆ ಆಕೆ ಭುಜ ಹಾರಿಸಿ ಇಸ್ಪೀಟಿನ ಮೇಜಿಗೆ ಹೋಗುತ್ತಿದ್ದಳು.

ಹಾಗಾಗಿ ಆ ಬೆಳಿಗ್ಗೆ ಪರದೆ ತೆಗೆಯಲು ಹೇಳಿದಾಗ ನಾನು ಬೇಗ ಬೇಗ ತೆಗೆದೆ.

"ನೀರಿನ ಬಣ್ಣ ಏನು?" ಎಂದು ಮಾಮಾ ಕೇಳಿದರು.

"ಅಜ್ರಕ್" ಎಂದೆ. ನೀಲಿ.

"ಯಾವ ನೀಲಿ?"

ನನ್ನ ಅರಬ್ಬಿ ಔಷಧ, ಊಟ, ನೋವು ಇಷ್ಟರಲ್ಲೇ ಸುತ್ತುತ್ತಿತ್ತು. ನೀಲಿಗಳಲ್ಲಿ ಬಗೆಗಳನ್ನು ಹೇಳುವಷ್ಟು ಇರಲಿಲ್ಲ. ಸುತ್ತ ನೋಡಿದೆ. "ನಿಮ್ಮ ಇನ್ಸುಲಿನ್ ಪೆನ್ನಿನ ಮುಚ್ಚಳ ಇದೆಯಲ್ಲ, ಆ ನೀಲಿ" ಎಂದೆ. ಅವರು ತಲೆಯಾಡಿಸಿದರು. "ಸರಿ. ತಿಂಡಿ ಆದ ಮೇಲೆ ಮೇಲಕ್ಕೆ ಕರೆದುಕೊಂಡು ಹೋಗು. ಇವತ್ತು ಪೂರ್ತಿ ಮೇಲೆಯೇ."

ಕೊನೆಯ ದಿನದ ಹಡಗು ಮದುವೆ ಮುಗಿದ ಚಪ್ಪರದ ಹಾಗಿತ್ತು. ಕೋಣೆಗಳ ನಡುವಿನ ಓಣಿಯ ತುಂಬ ಜನ ಪೆಟ್ಟಿಗೆಗಳ ಮೇಲೆ ಕೂತು ಜಿಪ್ ಎಳೆಯುತ್ತಿದ್ದರು. ಗ್ರಂಥಾಲಯದವರು ಪುಸ್ತಕ ವಾಪಸು ಕೇಳುತ್ತಿದ್ದರು. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದವರು ಮಂಗಳೂರಿನ ಪಕ್ಕದ ಉಳ್ಳಾಲದ ಒಬ್ಬ ಬ್ಯಾರಿ ಮುಸ್ಲಿಂ, ಐವತ್ತರ ಹತ್ತಿರದ ವಯಸ್ಸು. ಮೊದಲ ವಾರ ನಾನು ನನ್ನ ಮಗಳ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, "ಸಿಸ್ಟರ್ ಊರಿನವರಾ?" ಎಂದು ಕನ್ನಡದಲ್ಲಿ ಕೇಳಿ ನನ್ನನ್ನು ಬೆಚ್ಚಿಬೀಳಿಸಿದ್ದರು.

ಅಂದು ಅವರು ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟುತ್ತಾ, "ಸಿಸ್ಟರೇ, ಬ್ಯಾಗೆಲ್ಲ ಮಧ್ಯಾಹ್ನವೇ ಹೊರಗೆ ಇಡಿ ಆಯ್ತಾ. ಸಾಯಂಕಾಲ ಕುವೈತಿನ ಹೊರಗೆ ಲಂಗರು ಹಾಕ್ತಾರೆ, ದಡಕ್ಕೆ ಹೋಗುದು ನಾಳೆ ಬೆಳಿಗ್ಗೆ" ಎಂದರು.

"ಭಾಯಿ, ಇಲ್ಲಿ ನೀರಿನ ಬಣ್ಣ ಎಂತ ಬದಲಾಗ್ತದಾ?" ಎಂದು ಕೇಳಿದೆ.

"ಆಗ್ತದೆ, ಆಗ್ತದೆ. ಮೇಲೆ ಹೋದ ಹಾಗೆ ಇರಾಕಿನ ಹೊಳೆ ನೀರು ಬಂದು ಸೇರ್ತದಲ್ಲ. ನಮ್ಮ ನೇತ್ರಾವತಿ ಅಳಿವೆಯಲ್ಲಿ ಮಳೆಗಾಲ ಆಗುದಿಲ್ವಾ, ಹಾಗೆ. ಯಾಕೆ?"

"ಮಾಮಾ ಕೇಳ್ತಾ ಇದ್ದಾರೆ."

ಅವರು ಚೀಟಿ ಕಟ್ಟುವುದನ್ನು ನಿಲ್ಲಿಸಿದರು. "ಇವರು ಸಮುದ್ರದ ಜನವಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಮೇಲಿನ ಡೆಕ್ಕಿನ ಎಡಬದಿಗೆ, ಗಾಳಿ ತಡೆಯುವ ಗಾಜಿನ ಹಿಂದೆ ಮಾಮಾ ಅವರ ಗಾಲಿಕುರ್ಚಿ ನಿಲ್ಲಿಸಿದೆ. ಚಳಿಗಾಲದ ಬಿಸಿಲು ಹಿತವಾಗಿತ್ತು. ದೂರದಲ್ಲಿ ತೈಲದ ಅಟ್ಟಣಿಗೆಗಳು ಕಾಲು ಊರಿ ನಿಂತಿದ್ದವು, ಒಂದರ ತುದಿಯಲ್ಲಿ ಬೆಂಕಿ. ಮಾಮಾ ಅವುಗಳ ಬಗ್ಗೆ ಏನೂ ಕೇಳಲಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದೇ ಪ್ರಶ್ನೆ. ನಾನು ಎದ್ದು ಕಂಬಿಯವರೆಗೆ ಹೋಗಿ, ಬಗ್ಗಿ ನೋಡಿ ಬಂದು ವರದಿ ಕೊಡುವುದು. ನಿಮ್ಮ ಮೊಮ್ಮಗನ ಶಾಲೆಯ ಅಂಗಿಯ ನೀಲಿ. ಅಡುಗೆಮನೆಯ ಗ್ಯಾಸಿನ ಉರಿಯ ನೀಲಿ. ಮೋಡ ಅಡ್ಡ ಬಂತು, ಈಗ ಸೀಸದ ಹಾಗೆ.

ಹಡಗಿನಲ್ಲಿ ಅಷ್ಟು ದಿನ ಇದ್ದರೂ ನಾನು ನೀರನ್ನು ಹೀಗೆ ನೋಡಿರಲಿಲ್ಲ. ಸಮುದ್ರದ ಪಕ್ಕದ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಸಮುದ್ರ ಎಂದರೆ ಒಂದು ಬಣ್ಣ ಎಂದುಕೊಂಡಿದ್ದೆ. ಹಡಗಿನ ಪಕ್ಕದಲ್ಲಿ ಸೀಳಿಕೊಳ್ಳುವ ನೀರು ಬೇರೆ, ಅದರಾಚೆ ನಯವಾಗಿ ಬಿದ್ದುಕೊಂಡ ನೀರು ಬೇರೆ, ದಿಗಂತದಲ್ಲಿ ಆಕಾಶವನ್ನು ಮುಟ್ಟುವ ಗೆರೆ ಇನ್ನೊಂದು. ಯಾವುದನ್ನು ಹೇಳುವುದು ಎಂದು ಕೇಳಿದೆ. "ದೂರದ್ದು ಬೇಡ. ಹಡಗಿನ ಮುಂದೆ ಬರುವ ನೀರು ಹೇಳು" ಎಂದರು ಮಾಮಾ.

ಮಧ್ಯಾಹ್ನದ ಊಟವನ್ನು ಅಲ್ಲಿಗೇ ತರಿಸಿದೆವು. ಎರಡು ಗಂಟೆಯ ಹೊತ್ತಿಗೆ ಅವರ ತುಟಿ ಒಣಗಿತ್ತು, ಕುತ್ತಿಗೆ ಪಕ್ಕಕ್ಕೆ ವಾಲುತ್ತಿತ್ತು. ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಹಸಿರು ಅಂತ ಹೇಳಿಬಿಡು. ನೀನು ನೀಲಿ ಎಂದಾಗಲೆಲ್ಲ 'ಇನ್ನೂ ಹಸಿರಾಗಿಲ್ಲ' ಅಂತ ಗೊಣಗುತ್ತಾರೆ, ಅದನ್ನೇ ಕಾಯುತ್ತಿದ್ದಾರೆ ಅಂತ ಕಾಣುತ್ತದೆ. ಹೇಳಿದರೆ ಒಳಗೆ ಬಂದು ಮಲಗುತ್ತಾರೆ."

ನರ್ಸ್ ಆಗಿ ನನಗೂ ಅದೇ ಸರಿ ಎನಿಸಿತು. ಮುಂದಿನ ಸಲ ಕೇಳಿದಾಗ, "ಅಖ್ದರ್, ಮಾಮಾ. ಸ್ವಲ್ಪ ಹಸಿರು ಬಂದಿದೆ" ಎಂದೆ.

ಅವರು ಬೆನ್ನು ನೇರ ಮಾಡಿಕೊಂಡರು. "ಯಾವ ಹಸಿರು?"

ಬೆಳಿಗ್ಗೆಯಿಂದ ಒಂದೊಂದು ನೀಲಿಗೂ ಒಂದೊಂದು ವಸ್ತುವನ್ನು ಹುಡುಕಿ ಕೊಟ್ಟವಳಿಗೆ ಕಣ್ಣೆದುರು ಇಲ್ಲದ ಹಸಿರಿಗೆ ಒಂದೂ ಸಿಗಲಿಲ್ಲ.

"ನಿನಗೆ ಸುಳ್ಳು ಬರುವುದಿಲ್ಲ" ಎಂದರು ಮಾಮಾ. ಸಿಟ್ಟಿರಲಿಲ್ಲ. "ಕೂತುಕೋ. ನೀನೂ ಕೂತುಕೋ" ಎಂದು ಮಗಳಿಗೂ ಹೇಳಿದರು. "ಯಾಕೆ ಕಾಯುತ್ತಿದ್ದೇನೆ ಅಂತ ಹೇಳಿದರೆ ನೀವೂ ಸರಿಯಾಗಿ ನೋಡುತ್ತೀರಿ."

ಆಗ ಅವರು ಹೇಳಿದ್ದನ್ನು ನಾನು ಅರ್ಧ ಅರಬ್ಬಿಯಿಂದ, ಅರ್ಧ ಮಗಳ ಇಂಗ್ಲಿಷಿನಿಂದ ಕೂಡಿಸಿಕೊಂಡೆ. ಅವರ ಅಪ್ಪ ಹಾಯಿ ಹಡಗಿನ ನಾವಿಕ. ನಮ್ಮ ಕಡೆ ಮಂಜಿ ಎನ್ನುತ್ತಾರಲ್ಲ, ಅಂಥದ್ದೇ, ಇನ್ನೂ ದೊಡ್ಡದು. ಪ್ರತಿ ವರ್ಷ ಖರ್ಜೂರ ತುಂಬಿಕೊಂಡು ಇಂಡಿಯಾಕ್ಕೆ ಹೋಗಿ ಮರ, ಹಗ್ಗ ತುಂಬಿಕೊಂಡು ಬರುತ್ತಿದ್ದರು. ಮನೆ ಬಿಟ್ಟರೆ ಆರೇಳು ತಿಂಗಳು. ಮಾಮಾ ಚಿಕ್ಕವರಿದ್ದಾಗ ಅಪ್ಪನನ್ನು ಕೇಳುತ್ತಿದ್ದರಂತೆ, ನಮ್ಮ ಊರಿಗೆ ಗುಡ್ಡ ಇಲ್ಲ, ದೊಡ್ಡ ಮರ ಇಲ್ಲ, ಮನೆ ಹತ್ತಿರ ಬಂತು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ. ನೀರೇ ಹೇಳುತ್ತದೆ ಎನ್ನುತ್ತಿದ್ದರಂತೆ ಅಪ್ಪ. ನೀಲಿ ಹೋಗಿ ಹಸಿರು ಬರುತ್ತದೆ. ಆಗ ಎಲ್ಲರೂ ಗಡ್ಡ ತಿದ್ದಿಕೊಂಡು, ಪೆಟ್ಟಿಗೆಯಿಂದ ಮನೆಗೆಂದೇ ಮಡಿಸಿಟ್ಟ ಬಟ್ಟೆ ತೆಗೆದು ಹಾಕಿಕೊಳ್ಳುತ್ತಾರೆ.

"ನನಗೆ ಹತ್ತು ವರ್ಷ ಇದ್ದಾಗ ಹಡಗು ಬಂತು. ಅಪ್ಪ ಬರಲಿಲ್ಲ. ಜ್ವರ ಬಂದು ಅಲ್ಲಿಯೇ ತೀರಿಕೊಂಡರಂತೆ, ಅಲ್ಲಿಯೇ ಮಣ್ಣು ಮಾಡಿದರಂತೆ. ಜೊತೆಗಾರ ಅವರ ಪೆಟ್ಟಿಗೆ ತಂದುಕೊಟ್ಟ. ಅಮ್ಮ ತೆರೆದಾಗ ಆ ಬಟ್ಟೆ ಮೇಲೆಯೇ ಇತ್ತು, ಮಡಿಕೆ ಮುರಿದಿರಲಿಲ್ಲ."

"ಎಲ್ಲಿ ಮಣ್ಣು ಮಾಡಿದ್ದು?" ಎಂದು ನಾನು ಕೇಳಿದೆ. ಕೇಳುವಾಗಲೇ ನನಗೆ ಹೊಳೆದಿತ್ತು.

"ನಿನ್ನ ಊರಿನಲ್ಲಿ."

ಮಗಳು ಎದ್ದು ನಿಂತಳು. "ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ, ಅಮ್ಮ?"

"ನೀನು ಕೇಳಲಿಲ್ಲ."

"ಹಾಗಾದರೆ ಇಂಡಿಯಾಕ್ಕೇ ಹೋಗಬಹುದಿತ್ತಲ್ಲ. ನಾನೇ ಕರೆದುಕೊಂಡು ಹೋಗುತ್ತಿದ್ದೆ."

"ಅವರು ಹೋದ ಜಾಗ ನೋಡಿ ನಾನೇನು ಮಾಡಲಿ" ಎಂದರು ಮಾಮಾ. "ಅವರು ಬರಬೇಕಾಗಿದ್ದ ದಾರಿ ನೋಡಬೇಕಿತ್ತು."

ಇಷ್ಟು ದಿನ ಪರದೆ ಎಳೆಸಿದ್ದು ಯಾಕೆ ಎಂದೂ ಕೇಳಿಬಿಟ್ಟೆ. ತಡೆಯಲಾಗಲಿಲ್ಲ. "ಅದೆಲ್ಲ ಬೇರೆಯವರ ಸಮುದ್ರ" ಎಂದರು.

ಆಮೇಲೆ ನಾವು ಮೂವರೂ ಕಾದೆವು. ಮಗಳು ಇಸ್ಪೀಟಿಗೆ ಹೋಗಲಿಲ್ಲ. ಮಾಮಾ ನನ್ನ ಊರಿನ ಬಗ್ಗೆ ಕೇಳತೊಡಗಿದರು. ಬಂದರು ಹೇಗಿದೆ, ಹೊಳೆ ಸಮುದ್ರಕ್ಕೆ ಸೇರುವಲ್ಲಿ ದೋಣಿ ಮಗುಚುತ್ತದೆಯಂತೆ ಹೌದೇ, ಜನ ಏನು ತಿನ್ನುತ್ತಾರೆ. ನನ್ನ ಅಜ್ಜಿ ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ತಲೆಯ ಮೇಲೆ ಹಂಚು ಹೊತ್ತು ಹಡಗಿಗೆ ತುಂಬುತ್ತಿದ್ದಳು ಎಂದೆ. ಮಾಮಾ ನನ್ನ ಕಡೆಗೆ ತಿರುಗಿದರು. "ಅರಬರ ಹಡಗಿಗೂ?" ಎಂದು ಕೇಳಿದರು. ಅಜ್ಜಿ ಅದನ್ನು ಎಂದೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಈ ಸಲ ಸುಳ್ಳು ಹೇಳುವ ಮನಸ್ಸೂ ಬರಲಿಲ್ಲ.

ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಕಂಬಿಯ ಬಳಿ ಹೋದವಳು ಅಲ್ಲಿಯೇ ನಿಂತೆ. ಬದಲಾವಣೆ ಗೆರೆ ಎಳೆದ ಹಾಗೆ ಬರಲಿಲ್ಲ. ನೀಲಿ ತೆಳುವಾಗುತ್ತಾ, ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತಾ ಬಂದು, ಒಂದು ಅಲೆಯ ಹೊಟ್ಟೆಯಲ್ಲಿ ಮೊದಲು ಕಂಡಿತು, ಆಮೇಲೆ ಎಲ್ಲ ಅಲೆಗಳಲ್ಲಿಯೂ. ಬಸಳೆ ಬೇಯಿಸಿದ ನೀರಿನ ಹಾಗೆ ಎಂದು ಮನಸ್ಸಿಗೆ ಬಂತು. ಬಸಳೆ ಅವರಿಗೆ ಗೊತ್ತಿಲ್ಲವಲ್ಲ. ಅವರ ಮನೆಯಲ್ಲಿ ವಾರಕ್ಕೊಮ್ಮೆ ಮಾಡುವ ಸೊಪ್ಪಿನ ಸಾರು ನೆನಪಾಯಿತು.

"ಮುಲೂಖಿಯಾ, ಮಾಮಾ" ಎಂದೆ. "ಮುಲೂಖಿಯಾ ಸೊಪ್ಪು ಬೆಂದ ಮೇಲೆ ಪಾತ್ರೆಯ ಅಂಚಿನಲ್ಲಿ ತಿಳಿ ನಿಲ್ಲುತ್ತದಲ್ಲ, ಆ ಹಸಿರು."

ಅವರು ಮಗಳ ಕಡೆಗೆ ತಿರುಗಿದರು. ಮಗಳೂ ಕಂಬಿಗೆ ಬಂದು ನೋಡಿ, "ಹೌದು, ಅಮ್ಮ. ಅದೇ" ಎಂದಳು.

ಮಾಮಾ ಅಳಲಿಲ್ಲ. "ನನ್ನ ಕಪ್ಪು ರೇಷ್ಮೆಯ ಬಟ್ಟೆ ಎಲ್ಲಿ, ಬಂಗಾರದ ಅಂಚಿನದು?" ಎಂದು ಕೇಳಿದರು.

ಅದು ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಮಧ್ಯಾಹ್ನವೇ ಹೋಗಿತ್ತು. ನಾನು ಮೆಟ್ಟಿಲು ಇಳಿದು ಓಡಿದೆ. ಉಳ್ಳಾಲದವರು ಓಣಿಯ ತುದಿಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದರು. ವಿಷಯ ಹೇಳಿದೆ.

"ಅಯ್ಯೋ ಸಿಸ್ಟರೇ, ಅದೆಲ್ಲ ಕೆಳಗೆ ರಾಶಿ ಹಾಕಿ ಆಯ್ತಲ್ಲ. ಈಗ ತೆಗೀಲಿಕ್ಕೆ ಬಿಡುದಿಲ್ಲ" ಎಂದರು. ನಾನು ಹಸಿರು ನೀರಿನ ಕತೆಯನ್ನು ಎರಡು ಮಾತಿನಲ್ಲಿ ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ನನ್ನ ಅಜ್ಜನೂ ಮಂಜಿಯಲ್ಲಿ ಇದ್ದದ್ದು. ಚೀಟಿ ಯಾವ ಬಣ್ಣ, ಹಳದಿಯಾ? ನೀವು ಮೇಲೆ ಹೋಗಿ, ನಾನು ನೋಡ್ತೇನೆ."

ಕಾಲು ಗಂಟೆಯಲ್ಲಿ ಅವರು ಪೆಟ್ಟಿಗೆಯನ್ನು ಹೊತ್ತುಕೊಂಡೇ ಡೆಕ್ಕಿಗೆ ಬಂದರು. ಯಾರ ಅನುಮತಿ ಕೇಳಿದರೋ, ಕೇಳಲೇ ಇಲ್ಲವೋ ತಿಳಿಯದು. ಮಗಳು ಪಕ್ಕದ ಹೆಂಗಸರ ಕೋಣೆಯಲ್ಲಿ ಅಮ್ಮನಿಗೆ ಬಟ್ಟೆ ಬದಲಿಸಿದಳು, ನಾನು ಕೂದಲು ಬಾಚಿ, ಕಣ್ಣಿಗೆ ಕಾಡಿಗೆ ಹಚ್ಚಿದೆ. ಒಂದೇ ಸಲಕ್ಕೆ ನರಕ್ಕೆ ಸೂಜಿ ಹಾಕುವವಳು ನಾನು, ಅಂದು ಕಾಡಿಗೆ ಸ್ವಲ್ಪ ಹೊರಗೆ ಹೋಯಿತು. ಒರೆಸಲು ಹೋದರೆ, "ಬಿಡು, ಸಾಕು" ಎಂದರು.

ಸೂರ್ಯ ಮುಳುಗುವ ಹೊತ್ತಿಗೆ ಹಡಗು ನಿಂತಿತು. ಲಂಗರಿನ ಸರಪಳಿ ಇಳಿಯುವ ಸದ್ದಿಗೆ ಕಾಲಡಿಯ ಹಲಗೆ ಅದುರಿತು. ದಡ ಎಂದರೆ ಧೂಳಿನ ಒಂದು ಪಟ್ಟಿ, ಅದರ ಮೇಲೆ ಕಟ್ಟಡಗಳು, ನೀರಿನ ಗೋಪುರಗಳ ಗುಂಡು ತಲೆ. ಒಂದೊಂದಾಗಿ ದೀಪ ಹತ್ತಿಕೊಂಡವು. ಮಾಮಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಕರೆಯಲು ಬರುತ್ತಾರೆ ಎನ್ನುವ ಹಾಗೆ ಕೂತಿದ್ದರು. ನನ್ನ ಫೋನಿಗೆ ಸಿಗ್ನಲ್ ಬಂದು ನನ್ನ ಮಗಳು ಕರೆ ಮಾಡಿದಳು. "ಮಮ್ಮಿ, ವೇರ್ ಆರ್ ಯು?" ಎಂದಳು. "ಮನೆ ಹತ್ತಿರವೇ ಇದ್ದೇನೆ, ಕಾಣ್ತಾ ಉಂಟು" ಎಂದೆ.

ಮರುದಿನ ಬೆಳಿಗ್ಗೆ ಮಾಮಾ ಅವರ ಗಂಡುಮಕ್ಕಳು ಎರಡು ಕಾರು ತಂದು ಬಂದರಿನಲ್ಲಿ ಕಾದಿದ್ದರು. ಮಾಮಾ ಮಕ್ಕಳಿಗೆ ಹಡಗಿನ ಊಟ ಚೆನ್ನಾಗಿತ್ತು ಎಂದಷ್ಟೇ ಹೇಳಿದರು.

ಮುಂದಿನ ವರ್ಷ ರಜೆಯಲ್ಲಿ ಊರಿಗೆ ಹೋದಾಗ ನಾನು ಹಳೆ ಬಂದರಿನ ಹತ್ತಿರದ ಒಂದು ಕಬರಸ್ತಾನಕ್ಕೆ ಹೋಗಿ ವಿಚಾರಿಸಿದೆ. ಅಲ್ಲಿಯ ಹಿರಿಯರೊಬ್ಬರು, ದೂರದಿಂದ ಬಂದ ಹಡಗಿನವರನ್ನು ಈ ಮೂಲೆಯಲ್ಲಿ ಮಣ್ಣು ಮಾಡುತ್ತಿದ್ದರೆಂದು ತಮ್ಮ ತಂದೆ ಹೇಳುತ್ತಿದ್ದರು, ಹೆಸರು ಬರೆದಿಲ್ಲ ಎಂದರು. ಕುವೈತಿಗೆ ಮರಳಿ ಅಷ್ಟನ್ನೇ ಹೇಳಿದೆ. ಇದೇ ಜಾಗ ಎಂದು ಹೇಳಲಾಗುವುದಿಲ್ಲ ಎಂದೂ ಸೇರಿಸಿದೆ. ಮಾಮಾ ಕೇಳಿದ್ದು ಇಷ್ಟು, "ಅಲ್ಲಿ ನೆರಳು ಇದೆಯಾ?"

"ಇದೆ. ದೊಡ್ಡ ಮರ ಇದೆ."

"ಯಾವ ಮರ?"

ನಾನು ಅದನ್ನು ನೋಡಿಕೊಂಡಿರಲಿಲ್ಲ. ಅವರೆದುರೇ ಊರಿಗೆ ಫೋನ್ ಮಾಡಿ ತಮ್ಮನನ್ನು ಅಲ್ಲಿಗೆ ಕಳಿಸಿದೆ. ಒಂದು ಗಂಟೆ ಬಿಟ್ಟು ಅವನು ಕರೆ ಮಾಡಿ, "ಬಾದಾಮಿ ಮರ ಅಕ್ಕ, ಎಲೆ ಎಲ್ಲ ಬಿದ್ದು ನೆಲ ಕಾಣುದಿಲ್ಲ. ಇದಕ್ಕೆ ನನ್ನನ್ನು ಓಡಿಸಿದ್ದಾ?" ಎಂದ.

ಮಾಮಾ ಆ ಸುದ್ದಿಯನ್ನು ಕೂಡಲೇ ತಮ್ಮ ಮಗಳಿಗೆ ಫೋನ್ ಮಾಡಿ, ಅವಳು ಕೇಳುವ ಮೊದಲೇ ಹೇಳಿದರು.