ಡಾಕ್ಟರ್ ಜಗದಾಂಬಾ ಹಿಂತೆಗೆದುಕೊಂಡ ಪ್ರಬಂಧ

ಬಸವೇಶ್ವರನಗರದ ಡಾಕ್ಟರ್ ಜಗದಾಂಬಾ ಬರೆದ ಸಂಶೋಧನಾ ಪ್ರಬಂಧಗಳು ಒಟ್ಟು ಮೂವತ್ತೊಂದು. ಅದರಲ್ಲಿ ಮೂವತ್ತನ್ನು ಬರೆದವರನ್ನು ಬಿಟ್ಟು ಯಾರೂ ಓದಿರಲಿಕ್ಕಿಲ್ಲ. ಸುಳ್ಳೇಕೆ ಹೇಳಲಿ, ಬರೆದವರೇ ಎರಡನೇ ಸಲ ಓದಿರಲಿಕ್ಕಿಲ್ಲ. ಕೆಂಗೇರಿ ಕಡೆಯ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಆಕೆ ಪೆಥಾಲಜಿ ಮೇಡಂ. ಅಲ್ಲಿ ಬಡ್ತಿ ಬೇಕೆಂದರೆ ಪ್ರಬಂಧ ಬೇಕು, ಪ್ರಬಂಧದ ಮೇಲೆ ವಿಭಾಗದ ಮುಖ್ಯಸ್ಥ ನಾಗಭೂಷಣ್ ಅವರ ಹೆಸರು ಬೇಕೇ ಬೇಕು. ಮಹಾನುಭಾವರು ಒಂದು ಸ್ಲೈಡನ್ನೂ ಮುಟ್ಟದೆ ಮೂವತ್ತೊಂದಕ್ಕೂ ಸಹಲೇಖಕರಾಗಿದ್ದರು.

ಒಂದು ಪ್ರಬಂಧ ಮಾತ್ರ ಎಲ್ಲಿಂದೆಲ್ಲಿಗೋ ಹೋಗಿಬಿಟ್ಟಿತು. ಅದು ಸ್ತನದಲ್ಲಿ ಏಳುವ ಒಂದು ಬಗೆಯ ಗಂಟಿನದು. ಒಡೆದು ಹೆಚ್ಚುತ್ತಿರುವ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಎಣಿಕೆ ಇಷ್ಟರೊಳಗಿದ್ದರೆ ಭಯವಿಲ್ಲ, ಮತ್ತೆ ಆಪರೇಷನ್ ಬೇಡ ಎಂದು ಅದು ಹೇಳಿತ್ತು. ಬೇರೆ ಸಂಶೋಧಕರು ಅದನ್ನು ಆಧಾರವಾಗಿ ಹೆಸರಿಸಿದಾಗಲೆಲ್ಲ ಒಂದು ಉಲ್ಲೇಖ. ಹಾಗೆ ಬಂದವು ಇನ್ನೂರ ಹನ್ನೊಂದು! ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೂತೊಡನೆ ಜಗದಾಂಬಾ ಮೊಬೈಲಿನಲ್ಲಿ ಆ ಸಂಖ್ಯೆ ನೋಡಿ ಒಳಗೊಳಗೇ ಹಿಗ್ಗುತ್ತಿದ್ದರು. ಹಿಗ್ಗಲಿ ಬಿಡಿ, ಇಪ್ಪತ್ತೆರಡು ವರ್ಷ ಕತ್ತು ಬಗ್ಗಿಸಿ ಕೂತವರು.

ಎರಡು ವರ್ಷದ ಹಿಂದೆ, ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಹದಿನೈದು ದಿನ ಇರುವಾಗ, ಹೊಸ ಅಧ್ಯಯನಕ್ಕೆಂದು ಹಳೆಯ ಕಾರ್ಡುಗಳನ್ನು ತೆಗೆದರು. ಅವರ ಆಸ್ಪತ್ರೆಯಲ್ಲಿ ಸ್ತನದ ಗಂಟುಗಳಿಗೆ ಬೇರೆಯೇ ನಂಬರು. ಜನವರಿ ಬಂತೆಂದರೆ ಮತ್ತೆ ಒಂದರಿಂದ ಶುರು. ಸ್ಲೈಡಿನ ಮೇಲೆ ವರ್ಷವೂ ಇರುತ್ತದೆ. ರೋಗಿ ಮುಂದೇನಾದಳೆಂದು ಬರೆದಿಡುವ ಕಾರ್ಡಿನ ಮೇಲೆ ಬರೀ ನಂಬರು, ವರ್ಷ ಡಬ್ಬದ ಮೇಲೆ. ಅಂದು ಪ್ರಬಂಧ ಬರೆಯುವಾಗ ಜಗದಾಂಬಾ ಹದಿನೇಳು ಕಾರ್ಡುಗಳನ್ನು ಪಕ್ಕದ ವರ್ಷದ ಡಬ್ಬದಿಂದ ಎತ್ತಿಕೊಂಡಿದ್ದುದು ಈಗ ಕಣ್ಣಿಗೆ ಬಿತ್ತು. ಸ್ಲೈಡು ಒಬ್ಬಳದು, ಗತಿ ಇನ್ನೊಬ್ಬಳದು! ಚೆನ್ನಾಗಿದ್ದಾರೆಂದು ತಾವು ಬರೆದಿದ್ದ ಆ ಹದಿನೇಳು ಹೆಂಗಸರ ಸರಿಯಾದ ಕಾರ್ಡುಗಳನ್ನು ಹುಡುಕಿದರು. ಎಂಟು ಮಂದಿಗೆ ಗಂಟು ಮರಳಿ ಬಂದಿತ್ತು. ಅವರಲ್ಲಿ ಮೂವರು ಸತ್ತಿದ್ದರು.

ಜಗದಾಂಬಾ ನಾಗಭೂಷಣ್ ಅವರ ಕೋಣೆಗೆ ಹೋಗಿ, “ಸಾರ್, ಈ ಪೇಪರ್ ವಾಪಸ್ ತಗೋಬೇಕು,” ಎಂದರು.

“ತಲೆ ಕೆಟ್ಟಿದ್ಯೇನಮ್ಮಾ? ಇಂಟರ್‌ವ್ಯೂ ಮುಗೀಲಿ. ಪ್ರೊಫೆಸರ್ ಆದ್ಮೇಲೆ ನೋಡೋಣ.”

“ಅಷ್ಟರಲ್ಲಿ ಯಾರಾದ್ರೂ ಇದನ್ನ ನಂಬ್ಕೊಂಡು ರಿಪೋರ್ಟ್ ಬರೀತಾರೆ, ಸಾರ್.”

“ಹಾಗಾದ್ರೆ ನನ್ನನ್ನ ಇದ್ರಲ್ಲಿ ಎಳೀಬೇಡ. ನಾನು ಸ್ಲೈಡೂ ನೋಡಿಲ್ಲ, ಕಾರ್ಡೂ ನೋಡಿಲ್ಲ ಅಂತ ಬರ್ದುಬಿಡು.”

ಅಷ್ಟು ವರ್ಷಗಳಲ್ಲಿ ಆ ಪ್ರಬಂಧದ ಬಗ್ಗೆ ಆ ಮನುಷ್ಯ ಆಡಿದ ಒಂದೇ ನಿಜ ಅದು.

ಜಗದಾಂಬಾ ಅದೇ ದಿನ ಪ್ರಬಂಧ ಅಚ್ಚಾಗಿದ್ದ ಸಂಶೋಧನಾ ಪತ್ರಿಕೆಗೆ ತಪ್ಪೊಪ್ಪಿ ಬರೆದರು. ಸಂದರ್ಶನದಲ್ಲೂ ತಾವಾಗಿಯೇ ಬಾಯಿಬಿಟ್ಟು ಹೇಳಿದರು, ಹುದ್ದೆ ಕೈತಪ್ಪಿತು. ನಾಲ್ಕು ತಿಂಗಳಿಗೆ ಪ್ರಬಂಧದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ‘ಹಿಂತೆಗೆದುಕೊಳ್ಳಲಾಗಿದೆ’ ಎಂದು ಬಿತ್ತು. ಊಟದ ಹೊತ್ತಿನಲ್ಲಿ ಆಕೆಯ ಪಕ್ಕದ ಕುರ್ಚಿಗಳು ಖಾಲಿಯಾದವು. ಹೋಗಲಿ, ಇನ್ನು ಯಾರಿಗೂ ಕೇಡಾಗುವುದಿಲ್ಲವಲ್ಲ ಎಂದು ಹಲ್ಲುಕಚ್ಚಿಕೊಂಡರು. ಆದರೆ ಆ ಹಾಳಾದ ಉಲ್ಲೇಖಗಳು ನಿಲ್ಲಬೇಕಲ್ಲ! ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಹೊಡೆಯುವವರು, ಮೂಲವನ್ನು ಯಾಕೆ ತೆರೆದು ನೋಡುತ್ತಾರೆ? ಇನ್ನೂರ ನಲವತ್ತು ದಾಟಿತು.

ಕಳೆದ ಸೋಮವಾರ ಮಲ್ಲತ್ತಹಳ್ಳಿಯಿಂದ ಕಸ್ತೂರೆವ್ವ ಬಂದರು. ಬಾಗಲಕೋಟೆ ಕಡೆಯವರು, ನಾಲ್ಕು ಮನೆಗಳಲ್ಲಿ ರೊಟ್ಟಿ ಬಡಿಯುವ ಕೆಲಸ. ಗಂಟಿಗೆ ಸೂಜಿ ಹಾಕಿ ನೋಡುವ ಸರದಿ ಅಂದು ಜಗದಾಂಬಾ ಅವರದು. ಒಮ್ಮೆ ತೆಗೆಸಿದ್ದ ಗಂಟು ಅದೇ ಎದೆಯಲ್ಲಿ ಮುಷ್ಟಿಯಷ್ಟಾಗಿ ಮತ್ತೆ ಎದ್ದಿತ್ತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೂ ಕಲೆಗಳಿದ್ದವು. ಬೇರೆಲ್ಲೋ ಮಾಡಿಸಿದ್ದ ಹಳೆಯ ರಿಪೋರ್ಟನ್ನು ಜಗದಾಂಬಾ ಬಿಡಿಸಿ ನೋಡಿದರು. ಬರೀ ಒಂಬತ್ತು ತಿಂಗಳ ಹಿಂದಿನದು. ಭಯವಿಲ್ಲ, ಮತ್ತೆ ಆಪರೇಷನ್ ಬೇಡ ಎಂದಿತ್ತು. ಕೆಳಗೆ ಆಧಾರವೆಂದು ಅದೇ ಪ್ರಬಂಧ, ಜಗದಾಂಬಾ ಹೆಸರು.

“ಆಗ ಏನೂ ಆಗೂದಿಲ್ಲ ಅಂದಿದ್ರಲ್ರೀ ಡಾಕ್ಟರಮ್ಮಾ,” ಎಂದರು ಕಸ್ತೂರೆವ್ವ. “ಯಾರೋ ದೊಡ್ಡ ಡಾಕ್ಟರು ಬರದಾರಂತ್ರಿ, ಅದರ ಪ್ರಕಾರ ಅಂದ್ರು.”

ಜಗದಾಂಬಾ ಸುಮ್ಮನಿರಬಹುದಿತ್ತು. ಯಾರು ಕೇಳುತ್ತಿದ್ದರು?

“ಬರ್ದಿದ್ದು ನಾನೇ ಕಣಮ್ಮ. ತಪ್ಪು ಬರ್ದಿದ್ದೆ. ತಪ್ಪಾಯ್ತು ಅಂತಾನೂ ಬರ್ದೆ. ಅದನ್ನ ಯಾರೂ ಓದ್ಲಿಲ್ಲ.” ಹೇಳುತ್ತಾ ಹೇಳುತ್ತಾ ಜಗದಾಂಬಾ ಅತ್ತುಬಿಟ್ಟರು.

ಕಸ್ತೂರೆವ್ವ ಬೈಯಲಿಲ್ಲ. ಸೆರಗನ್ನು ಎದೆಯ ಮೇಲೆ ಎಳೆದುಕೊಂಡು ಆ ಹಳೆಯ ರಿಪೋರ್ಟನ್ನು ಜಗದಾಂಬಾ ಕಡೆಗೆ ಸರಿಸಿದರು.

“ನಂಗ ಓದಾಕ ಬರಂಗಿಲ್ರೀ,” ಎಂದರು. “ಓದಾಕ ಬರೋ ಮಂದಿ ನೀವ ಅಲ್ಲೇನ್ರೀ?”